ಹೆಂಚಿನ ಜಾಡು ಹಿಡಿದು ಮಂಗಳೂರಿನ ಹಳೆಯ ಬಂದರಿಗೆ

ಪುತ್ತೂರಿನ ಅಜ್ಜಿಮನೆಯ ಅಟ್ಟದಲ್ಲಿ ಮಲಗಿದರೆ ತಲೆಯ ಮೇಲೆ ಹೆಂಚುಗಳ ಒಳಮೈ ಕಾಣುತ್ತಿತ್ತು. ಉಬ್ಬಿದ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಷನ್, ಮಂಗಳೂರು, 1865 ಎಂದಿತ್ತು. ಅದು ಮನೆ ಕಟ್ಟಿದ ವರ್ಷವೆಂದೇ ಬಹಳ ಕಾಲ ನಂಬಿದ್ದೆ. ಬಾಸೆಲ್ ಮಿಷನ್ ಎಂಬ ಸ್ವಿಸ್ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷವೆಂದು ತಿಳಿದದ್ದು ದೊಡ್ಡವಳಾದ ಮೇಲೆ. ಆ ಹೆಂಚಿನ ಜಾಡು ಹಿಡಿಯಬೇಕೆಂದು ಅಂದಿನಿಂದ ಉಳಿದಿದ್ದ ಆಸೆಯೇ ಇವತ್ತು ನನ್ನನ್ನು ಇಲ್ಲಿಗೆ ತಂದಿದೆ.

ಬೆಳಗಿನ ಐದೂವರೆ. ನಿಮಗೆ ಕೇಳಿಸುತ್ತಿರುವುದು ದಕ್ಕೆಯ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯ ಸದ್ದು. ಮಂಜುಗಡ್ಡೆ ಪುಡಿ ಮಾಡುವ ಯಂತ್ರ, ಏಲಂ ಕೂಗು, ಬೋಟುಗಳ ಎಂಜಿನ್. ಬಂಗುಡೆ, ಬೂತಾಯಿ ತುಂಬಿದ ಬುಟ್ಟಿಗಳು ಒಂದರ ಹಿಂದೊಂದು ಬರುತ್ತಿವೆ. ಹೊತ್ತವರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡೇ ಚಿತ್ರೀಕರಿಸುತ್ತಿದ್ದೇನೆ. ಜೂನ್, ಜುಲೈಯ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಬಂದರೆ ಈ ಬೋಟುಗಳೆಲ್ಲ ಸಾಲಾಗಿ ಕಟ್ಟಿ ನಿಂತಿರುತ್ತವೆ.

ಎದುರಿಗಿರುವುದು ಸಮುದ್ರವಲ್ಲ, ಗುರುಪುರ ನದಿ, ಅಂದರೆ ಫಲ್ಗುಣಿ. ಸ್ವಲ್ಪ ತೆಂಕಣಕ್ಕೆ ನೇತ್ರಾವತಿ ಬಂದು ಸೇರುತ್ತದೆ. ಎರಡೂ ಒಂದೇ ಅಳಿವೆಯಲ್ಲಿ ಕಡಲಿಗಿಳಿಯುತ್ತವೆ. ನನ್ನ ಹೆಂಚಿನ ಕಥೆಯೆಲ್ಲ ಈ ನೀರಿನಲ್ಲೇ ಇದೆ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್‌ಸ್ಟ್ 1865ರಲ್ಲಿ ಕಾರ್ಖಾನೆ ತೆರೆದದ್ದು ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯ ಮೇಲೆ. ಆವೆಮಣ್ಣು ನದಿಯ ದಡದ್ದು. ಸುಟ್ಟ ಹೆಂಚು ಈ ಬಂದರಿಗೆ ಬಂದು ದೇಶಾಂತರಕ್ಕೆ, ಆಫ್ರಿಕದ ಪೂರ್ವ ಕರಾವಳಿಯವರೆಗೂ ಹೋಗುತ್ತಿತ್ತು. ದೊಡ್ಡ ಹಡಗುಗಳಿಗೆ ಅಳಿವೆಯ ಮರಳದಿಬ್ಬ ದಾಟಲಾಗದು. ಅವು ಹೊರಗಡಲಿನಲ್ಲೇ ಲಂಗರು ಹಾಕುತ್ತಿದ್ದವು, ಸರಕನ್ನು ಸಣ್ಣ ದೋಣಿಗಳು ಮುಟ್ಟಿಸುತ್ತಿದ್ದವು. ಒಂದೊಂದು ಹೆಂಚೂ ಎಷ್ಟು ಕೈ ದಾಟಿರಬೇಕು, ಯೋಚಿಸಿ. ಪಣಂಬೂರಿನ ಹೊಸ ಬಂದರು ಶುರುವಾದದ್ದು 1970ರ ದಶಕದಲ್ಲಿ.

ದೊಡ್ಡ ಹಡಗುಗಳು ಅತ್ತ ಹೋದ ಮೇಲೆ ಹಳೆಯ ಬಂದರು ಸತ್ತಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಮಂಜಿಯನ್ನು, ಅಂದರೆ ಮರದ ಸರಕು ಹಡಗನ್ನು ನೋಡಿ. ಲಕ್ಷದ್ವೀಪಕ್ಕೆ ಹೊರಟಿದೆ. ಈರುಳ್ಳಿ, ಅಕ್ಕಿ, ಸಿಮೆಂಟ್ ಚೀಲಗಳು ಹೆಗಲಿಂದ ಹೆಗಲಿಗೆ ಇಳಿಯುತ್ತಿವೆ. ಹೆಂಚೂ ಹೋಗುತ್ತದೆಯೇ ಎಂದು ಹಿರಿಯ ಕಾರ್ಮಿಕರೊಬ್ಬರನ್ನು ಕೇಳಿದೆ. “ಇಲ್ಲ ಅಕ್ಕ, ಈಗ ಎಲ್ಲರಿಗೂ ತಾರಸಿ ಮನೆಯೇ ಬೇಕು” ಎಂದರು.

ಬಂದರಿನ ಒಳಬೀದಿಗಳಿಗೆ ಬಂದೆವು. ಕೆಲವು ಗೋದಾಮುಗಳ ಮಾಡು ಕುಸಿದು ಒಳಗೆ ಗಿಡ ಬೆಳೆದಿದೆ. ನೋಡಿದರೆ ಸಂಕಟವಾಗುತ್ತದೆ. ಇಲ್ಲೇ ಝೀನತ್ ಬಕ್ಷ್ ಮಸೀದಿ ಇದೆ. ಒಳಗಿನ ಮರದ ಕಂಬಗಳ ಕೆತ್ತನೆಯ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಈ ಊರಿಗೆ ಕಡಲಾಚೆಯ ನಂಟು ತೀರ ಹಳೆಯದು. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಏಡನ್‌ನಿಂದ ಬಂದ ಒಡೆದ ಕಂಚಿನ ಪಾತ್ರೆಗಳನ್ನು ಇಲ್ಲಿ ಕರಗಿಸಿ ಹೊಸದು ಮಾಡಿಸಿ ಕಳುಹಿಸುತ್ತಿದ್ದ. ಅವನ ಪತ್ರವ್ಯವಹಾರ ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಉಳಿದುಬಂದದ್ದರಿಂದ ನಮಗೆ ಇದೆಲ್ಲ ಗೊತ್ತು. ಇಂಥವನೊಬ್ಬ ನಮ್ಮೂರಿನಲ್ಲಿದ್ದ ಎಂದು ಶಾಲೆಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು.

ಬಡಗಣಕ್ಕೆ ಬೋಳೂರು. ಶತ್ರುಗಳ ಹಡಗು ನದಿಯೊಳಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಲ್ಲಿದೆ. ಮೇಲೆ ಹತ್ತಿ ತೋಪಿನ ಕಿಂಡಿಯಿಂದ ಇಣುಕಿದರೆ ನದಿ, ಆಚೆ ತಣ್ಣೀರುಬಾವಿಯ ಮರಳು.

ಸಂಜೆ ದಕ್ಕೆಗೆ ಮರಳಿ ಆಚೆ ದಡದ ಬೆಂಗ್ರೆಗೆ ಹೋಗುವ ದೋಣಿ ಹತ್ತಿದೆ. ಶಾಲೆಯ ಮಕ್ಕಳು, ಮೀನಿನ ಬುಟ್ಟಿ ಖಾಲಿಯಾದ ಹೆಂಗಸರು, ಒಂದು ಸೈಕಲ್. ನಡುನೀರಿನಲ್ಲಿ ಬೆಳಗಿನ ಮಂಜಿ ನಮ್ಮನ್ನು ಹಾದುಹೋಯಿತು. ಆ ಹಿರಿಯರು ಕಾಣಲಿಲ್ಲ, ಅವರು ತುಂಬಿಸುವವರು, ಹೋಗುವವರಲ್ಲ. ಚೀಲಗಳ ಮೇಲೆ ಟಾರ್ಪಾಲು ಬಿಗಿಯುತ್ತಿದ್ದ ಹುಡುಗನೊಬ್ಬ ಕೈ ಬೀಸಿದ. ಮಂಜಿ ಅಳಿವೆಯ ಕಡೆಗೆ ತಿರುಗಿತು.