ರಿಕಾಲ್ ಮುಗಿದಿದೆ ಎಂದ ಕಾರು ನಡುದಾರಿಯಲ್ಲಿ ನಿಂತರೆ

[ತೆರೆ ಕಪ್ಪು. ಎಂಜಿನ್ನಿನ ಸದ್ದು ಮಾತ್ರ.]

ಈ ಸದ್ದನ್ನು ಕಿವಿಗೊಟ್ಟು ಕೇಳಿ. ಟಕ್, ಟಕ್, ಟಕ್. ಎಂಜಿನ್ನಿನ ಹೊಟ್ಟೆಯೊಳಗೆ ಯಾರೋ ಸಣ್ಣ ಸುತ್ತಿಗೆ ಹಿಡಿದು ಬಡಿಯುತ್ತಿರುವಂತಿದೆ, ಅಲ್ಲವೇ? ಆಕ್ಸಿಲರೇಟರ್ ಒತ್ತಿದಷ್ಟೂ ಬಡಿತ ಚುರುಕಾಗುತ್ತದೆ. ಕಿಟಕಿ ಏರಿಸಿ, ಹಾಡು ಹಾಕಿಕೊಂಡು ಹೋಗುವವರಿಗೆ ಇದು ಕೇಳಿಸುವುದೇ ಇಲ್ಲ.

[ಸದ್ದು ಒಮ್ಮೆಲೇ ನಿಲ್ಲುತ್ತದೆ. ನಿರೂಪಕ ತೆರೆಯ ಮೇಲೆ.]

ನಿಂತಿತು. ಬಡಿತವಲ್ಲ, ಎಂಜಿನ್ನೇ ನಿಂತಿತು. ಅಮೆರಿಕದ ಹೆದ್ದಾರಿ, ಗಂಟೆಗೆ 70 ಮೈಲಿ ವೇಗ, ಅಂದರೆ ನಮ್ಮ ಲೆಕ್ಕದಲ್ಲಿ 110 ಕಿಲೋಮೀಟರ್ ದಾಟಿದೆ. ಹಿಂದೆ ಹದಿನೆಂಟು ಚಕ್ರದ ಲಾರಿ.

ನಮಸ್ಕಾರ. ಇಂದು ಹುಂಡೈ ಮತ್ತು ಕಿಯಾ ಕಂಪನಿಗಳ ಥೀಟಾ 2 ಎಂಬ ಎಂಜಿನ್ನಿನ ಕಥೆ. ಇದು ಅಮೆರಿಕದ್ದು, ಸ್ವಲ್ಪ ಕೊರಿಯಾದ್ದು. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಅಲ್ಲಿ ಓದಲು ಹೋದ ನಮ್ಮ ಹುಡುಗ ಹುಡುಗಿಯರು ಮೊದಲು ಕೊಳ್ಳುವುದು ಹಳೆಯ ಕಾರನ್ನು. 2011ರಿಂದ 2019ರ ನಡುವಿನ ಸೊನಾಟಾ, ಆಪ್ಟಿಮಾ, ಸಾಂಟಾ ಫೆ ಸ್ಪೋರ್ಟ್, ಸೊರೆಂಟೊ, ಸ್ಪೋರ್ಟೇಜ್ ಕಾರುಗಳು ಅವರ ಜೇಬಿಗೆ ಎಟುಕುವ ಬೆಲೆಯಲ್ಲಿ ಸಿಗುತ್ತವೆ. ರಿಕಾಲ್ ಎಂದರೆ ದೋಷವಿರುವ ಕಾರುಗಳನ್ನು ಕಂಪನಿಯೇ ಹಿಂದಕ್ಕೆ ಕರೆದು ಸರಿಪಡಿಸಿಕೊಡುವುದು. ಮಾರುವವರು, "ರಿಕಾಲ್ ಎಲ್ಲ ಮುಗಿದಿದೆ" ಎನ್ನುತ್ತಾರೆ. ಆ ಒಂದು ಮಾತಿನೊಳಗೆ ಏನಿದೆ, ಏನಿಲ್ಲ ಎಂಬುದೇ ಈ ವಿಡಿಯೋ.

ಕಥೆಗಿಂತ ಮೊದಲು ಜೀವ. ಓಡುತ್ತಿರುವಾಗ ಎಂಜಿನ್ ನಿಂತರೆ ನಾಲ್ಕೂ ಇಂಡಿಕೇಟರ್ ಹಾಕಿ. ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಬ್ರೇಕನ್ನು ಪದೇ ಪದೇ ತುಳಿದು ಬಿಡಬೇಡಿ. ಎಂಜಿನ್ ನಿಂತ ಮೇಲೆ ಬ್ರೇಕಿಗೆ ನೆರವಾಗುವ ನಿರ್ವಾತ ಒಂದೆರಡು ಸಲಕ್ಕೆ ಸಾಕಾಗುವಷ್ಟು ಮಾತ್ರ ಉಳಿದಿರುತ್ತದೆ, ಅದನ್ನು ಒಮ್ಮೆಗೇ ಗಟ್ಟಿಯಾಗಿ, ಬಿಡದೆ ಒತ್ತಲು ಬಳಸಿಕೊಳ್ಳಿ. ಸ್ಟಿಯರಿಂಗ್ ಭಾರವಾಗಬಹುದು, ಆದರೆ ತಿರುಗುತ್ತದೆ. ಕಾರು ನಿಲ್ಲುವವರೆಗೆ ಕೀಲಿಯನ್ನು ಪೂರ್ತಿ ತಿರುಗಿಸಿ ಹೊರತೆಗೆಯಬೇಡಿ, ಸ್ಟಿಯರಿಂಗ್ ಬೀಗ ಬೀಳುತ್ತದೆ. ಬಲಬದಿಯ ಅಂಚಿಗೆ ಸರಿಸಿ, ವಾಹನಗಳು ಓಡಾಡದ ಕಡೆಯ ಬಾಗಿಲಿನಿಂದ ಇಳಿದು ದೂರ ನಿಲ್ಲಿ. ಹೊಗೆ ಕಂಡರೆ ಬಾನೆಟ್ ಎತ್ತುವ ಕುತೂಹಲ ಬೇಡ. ಅದು ಏಕೆ ಎಂದು ಈಗ ತಿಳಿಯುತ್ತದೆ.

[ತೆರೆಯ ಮೇಲೆ: ಕ್ರ್ಯಾಂಕ್‌ಶಾಫ್ಟ್‌ನ ಚಿತ್ರ.]

ಎತ್ತಿನ ಗಾಡಿ ನೋಡಿದವರಿಗೆ ಕೀಲೆಣ್ಣೆ ಗೊತ್ತು. ಅಚ್ಚಿಗೂ ಗಾಲಿಗೂ ನಡುವೆ ಅದು ಇರದಿದ್ದರೆ ಗಾಡಿ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಎಂಜಿನ್ನಿನಲ್ಲೂ ಅದೇ ಸಂಗತಿ. ಪಿಸ್ಟನ್ ಮೇಲೆ ಕೆಳಗೆ ಆಡುವುದನ್ನು ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಶಾಫ್ಟ್‌ಗೆ ಒಯ್ದು ತಿರುಗುವ ಚಲನೆಯಾಗಿಸುತ್ತದೆ. ಎರಡೂ ಕೂಡುವ ಕಡೆ ತೆಳುವಾದ ಬೇರಿಂಗ್ ಇದೆ. ಕ್ರ್ಯಾಂಕ್‌ಶಾಫ್ಟ್‌ನ ಒಳಗೇ ಕೊರೆದ ಸಣ್ಣ ರಂಧ್ರಗಳಿಂದ ಆಯಿಲ್ ಬಂದು ಆ ಬೇರಿಂಗನ್ನು ತೇಲಿಸುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ, ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆ.

ಪೀಣ್ಯದ ಯಾವುದಾದರೂ ಶೆಡ್ಡಿನಲ್ಲಿ ಲೇತ್ ಮುಂದೆ ನಿಂತವರನ್ನು ಕೇಳಿ. ಲೋಹಕ್ಕೆ ರಂಧ್ರ ಕೊರೆದರೆ ಅಂಚಿನಲ್ಲಿ ಮುಳ್ಳಿನಂತೆ ಬರ್ ಏಳುತ್ತದೆ, ಒಳಗೆ ಚೂರು ಉಳಿಯುತ್ತದೆ. ಅದನ್ನು ತೆಗೆದು, ತೊಳೆದು, ಆಮೇಲೆಯೇ ಮುಂದಿನ ಕೆಲಸ. ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿರುವ ಹುಂಡೈ ಕಾರ್ಖಾನೆಯಲ್ಲಿ ಈ ಕೆಲಸ ಸರಿಯಾಗಿ ಆಗಿರಲಿಲ್ಲ. ಚೂರುಗಳು ಕ್ರ್ಯಾಂಕ್‌ಶಾಫ್ಟ್‌ನಲ್ಲಿ ಉಳಿದವು ಎಂದು ಕಂಪನಿಯೇ ರಿಕಾಲ್ ಕಾಗದಗಳಲ್ಲಿ ಬರೆದುಕೊಟ್ಟಿದೆ. 2012ರ ಏಪ್ರಿಲ್‌ನಲ್ಲಿ ಅಧಿಕ ಒತ್ತಡದ ನೀರಿನಿಂದ ಬರ್ ಕೀಳುವ ಹೊಸ ವಿಧಾನಕ್ಕೆ ಬದಲಾಯಿಸಿದ್ದನ್ನೂ ಅಲ್ಲೇ ಹೇಳಿದೆ.

ಅನ್ನದಲ್ಲಿ ಒಂದೇ ಒಂದು ಕಲ್ಲಿದ್ದರೂ ಹಲ್ಲಿಗೆ ಗೊತ್ತಾಗುತ್ತದೆ. ಇಲ್ಲಿ ಚೂರು ಆಯಿಲಿನ ದಾರಿ ಕಟ್ಟುತ್ತದೆ, ಬೇರಿಂಗ್ ಒಣಗುತ್ತದೆ, ಸವೆಯುತ್ತದೆ, ಸಡಿಲವಾಗುತ್ತದೆ. ನೀವು ಮೊದಲು ಕೇಳಿದ ಬಡಿತ ಆ ಸಡಿಲದ್ದು. ಕೊನೆಗೆ ಎಂಜಿನ್ ಸೀಜ್ ಆಗುತ್ತದೆ, ಅಂದರೆ ಒಳಗೆ ಬಿಗಿದುಕೊಂಡು ತಿರುಗದಂತಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ರಾಡ್ ಮುರಿದು ಎಂಜಿನ್ನಿನ ಹೊರಗೋಡೆಯಾದ ಬ್ಲಾಕನ್ನೇ ಒಡೆದು ಹೊರಬರುವುದು. ಆಗ ಚೆಲ್ಲಿದ ಆಯಿಲ್ ಕೆಂಡದಂತಿರುವ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ಬಾನೆಟ್ ಎತ್ತಬೇಡಿ ಎಂದದ್ದು ಅದಕ್ಕೇ.

2015ರ ಸೆಪ್ಟೆಂಬರಿನಲ್ಲಿ ಹುಂಡೈ ಸುಮಾರು 4.7 ಲಕ್ಷ ಸೊನಾಟಾಗಳನ್ನು ಹಿಂದಕ್ಕೆ ಕರೆಯಿತು, 2011 ಮತ್ತು 2012ರ ಮಾದರಿಗಳು. ಅದಕ್ಕೂ ಮೊದಲು ಕಂಪನಿಯ ವಾದ ಸ್ವಾರಸ್ಯಕರವಾಗಿತ್ತು: ಎಂಜಿನ್ ಮೊದಲು ಸದ್ದು ಮಾಡುತ್ತದೆ, ಎಚ್ಚರಿಕೆಯ ದೀಪ ಉರಿಯುತ್ತದೆ, ಚಾಲಕ ಪಕ್ಕಕ್ಕೆ ನಿಲ್ಲಿಸಬಹುದು, ಹಾಗಾಗಿ ಇದು ಸುರಕ್ಷತೆಯ ದೋಷವಲ್ಲ. ಮನೆಗೆ ಕಳ್ಳ ಬರುವ ಮುಂಚೆ ಕೆಮ್ಮುತ್ತಾನೆ, ಆದ್ದರಿಂದ ಬೀಗ ಬೇಡ ಎಂದ ಹಾಗೆ. ಅತಿ ವೇಗದಲ್ಲಿ ಕಾರು ನಿಂತುಹೋಗುವುದರ ಬಗ್ಗೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ, ಎನ್‌ಎಚ್‌ಟಿಎಸ್‌ಎ, ಆತಂಕ ತೋರಿದ ಮೇಲೆ ಕಂಪನಿ ರಿಕಾಲ್‌ಗೆ ಒಪ್ಪಿತು. ಅದೇ ಎಂಜಿನ್ ಇದ್ದ ಕಿಯಾ ಕಾರುಗಳ ಸರದಿ ಬಂದದ್ದು 2017ರ ಮಾರ್ಚ್ ಕೊನೆಗೆ. ಹುಂಡೈಯ ಇನ್ನಷ್ಟು ಕಾರುಗಳೂ ಸೇರಿ ಆಗ ಸುಮಾರು 12 ಲಕ್ಷ ವಾಹನಗಳು.

ಈ ನಡುವೆ ಒಬ್ಬ ಮನುಷ್ಯ ಇದ್ದಾನೆ, ಅವನನ್ನು ಬಿಟ್ಟು ಈ ಕಥೆ ಹೇಳುವುದು ಸರಿಯಲ್ಲ. ಕಿಮ್ ಗ್ವಾಂಗ್-ಹೊ, ಹುಂಡೈಯಲ್ಲಿ 26 ವರ್ಷ ದುಡಿದ ಎಂಜಿನಿಯರ್. 2016ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ಗೆ ವಿಮಾನ ಹತ್ತಿ ಹೋಗಿ, ಕಂಪನಿಯ ಒಳಗಿನ ಕಾಗದಗಳನ್ನು ಎನ್‌ಎಚ್‌ಟಿಎಸ್‌ಎ ಮುಂದಿಟ್ಟರು. ಅದೇ ವರ್ಷ ಕೆಲಸ ಕಳೆದುಕೊಂಡರು. ರಿಕಾಲ್ ತಡವಾಯಿತೇ, ಸರಿಯಾಗಿತ್ತೇ ಎಂದು ತನಿಖೆ ನಡೆದು, 2020ರ ನವೆಂಬರಿನಲ್ಲಿ ಎರಡೂ ಕಂಪನಿಗಳು ಒಟ್ಟು 21 ಕೋಟಿ ಡಾಲರ್ ದಂಡದ ಒಪ್ಪಂದಕ್ಕೆ ಸಹಿ ಹಾಕಿದವು. ಅದರಲ್ಲಿ ಕೂಡಲೇ ಕಟ್ಟಬೇಕಾದದ್ದು 8.1 ಕೋಟಿ. ಮರುವರ್ಷ ಅದರ ಶೇಕಡಾ 30ರಷ್ಟು, 2.4 ಕೋಟಿ ಡಾಲರಿಗೂ ಹೆಚ್ಚು ಹಣ, ಕಿಮ್ ಅವರಿಗೆ ಬಹುಮಾನವಾಗಿ ಹೋಯಿತು. ಆ ಸಂಸ್ಥೆ ಇಂಥ ಬಹುಮಾನ ಕೊಟ್ಟದ್ದು ಅದೇ ಮೊದಲು. ಬರ್ ತೆಗೆಯುವ ಕೆಲಸಕ್ಕೆ ಎಷ್ಟು ಖರ್ಚಾಗುತ್ತಿತ್ತೋ ನೀವೇ ಲೆಕ್ಕ ಹಾಕಿ. ಅಡಿಕೆಗೆ ಹೋದ ಮಾನ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

[ತೆರೆಯ ಮೇಲೆ: ಮೇಜಿನ ಮೇಲೆ ಮೂರು ಕಾಗದ.]

ಈಗ ಜಗಳದ ಜಾಗಕ್ಕೆ ಬರೋಣ. ಕಾರು ನಿಂತಿದೆ, ಟೋ ಮಾಡಿಸಿ ಡೀಲರ್ ಬಳಿ ತಂದಿದ್ದೀರಿ. "ರಿಕಾಲ್‌ನಲ್ಲಿ ಬರುತ್ತದೆಯಲ್ಲ, ಬೇರೆ ಎಂಜಿನ್ ಹಾಕಿಕೊಡಿ" ಎನ್ನುತ್ತೀರಿ. ಕೌಂಟರಿನವರು ಕಂಪ್ಯೂಟರ್ ನೋಡಿ, "ಬರುವುದಿಲ್ಲ" ಎನ್ನುತ್ತಾರೆ. ಬಹಳ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕಾಗದಗಳ ಬಗ್ಗೆ ಮಾತನಾಡುತ್ತಿರುತ್ತಾರೆ.

ಮೊದಲನೆಯದು ರಿಕಾಲ್. ಇದು ಕಾನೂನಿನ ಕಾಗದ. ಮೊದಲ ಮಾರಾಟದಿಂದ 15 ವರ್ಷದೊಳಗೆ ರಿಕಾಲ್ ಘೋಷಣೆಯಾದರೆ ಪರಿಹಾರ ಉಚಿತ, ಕಾರು ಎಷ್ಟನೇ ಕೈಯಲ್ಲಿದ್ದರೂ ಸರಿ. ಆದರೆ ಇಲ್ಲಿ "ಪರಿಹಾರ" ಎಂದರೆ ಹೊಸ ಎಂಜಿನ್ ಅಲ್ಲ, ಪರೀಕ್ಷೆ. ಎಂಜಿನ್ನಿನ ಕೆಳಭಾಗವನ್ನು, ಅಂದರೆ ಬ್ಲಾಕ್, ಕ್ರ್ಯಾಂಕ್‌ಶಾಫ್ಟ್, ರಾಡ್, ಪಿಸ್ಟನ್ ಇರುವ ಷಾರ್ಟ್ ಬ್ಲಾಕನ್ನು, ಡೀಲರ್ ತಪಾಸಣೆ ಮಾಡಬೇಕು. ಬೇರಿಂಗ್ ಕೆಟ್ಟ ಲಕ್ಷಣ ಕಂಡರೆ ಮಾತ್ರ ಬದಲಾಯಿಸಬೇಕು. ಆ ದಿನ ಪಾಸಾದ ಎಂಜಿನ್ ಎರಡು ವರ್ಷ ಬಿಟ್ಟು ಬಡಿಯತೊಡಗಬಹುದು. ಅಷ್ಟರಲ್ಲಿ ಸರ್ಕಾರದ ಜಾಲತಾಣದಲ್ಲಿ 17 ಅಕ್ಷರಗಳ ವಾಹನ ಸಂಖ್ಯೆ ಹಾಕಿ ನೋಡಿದರೆ, ಬಾಕಿ ಇರುವ ರಿಕಾಲ್ ಸೊನ್ನೆ ಎಂದು ತೋರಿಸುತ್ತದೆ. ಸೊನ್ನೆ ಎಂದರೆ ಕೆಲಸ ಬಾಕಿಯಿಲ್ಲ ಎಂದಷ್ಟೇ. ಎಂಜಿನ್ ಹೊಸದೋ ಹಳೆಯದೋ ಅದಕ್ಕೆ ಗೊತ್ತಿಲ್ಲ. ಮಾರುವವರು ಹೇಳುವ "ಎಲ್ಲ ಮುಗಿದಿದೆ" ಇಷ್ಟೇ.

ಎರಡನೆಯದು ವಾರಂಟಿ. ಈ ಕಂಪನಿಗಳು ಅಮೆರಿಕದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ 10 ವರ್ಷ ಅಥವಾ 1 ಲಕ್ಷ ಮೈಲಿಯ ಎಂಜಿನ್ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ. ಎರಡನೇ ಕೈಗೆ ಹೋದರೆ 5 ವರ್ಷ, 60 ಸಾವಿರ ಮೈಲಿ. ನಮ್ಮ ವಿದ್ಯಾರ್ಥಿಗಳು ಮುಗ್ಗರಿಸುವ ಮೊದಲ ಕಲ್ಲು ಇದೇ.

ಮೂರನೆಯದು ನ್ಯಾಯಾಲಯದ ರಾಜಿ. ಮಾಲೀಕರು ಒಟ್ಟಾಗಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಹೂಡಿದ ದಾವೆಯ ರಾಜಿ 2019ರಲ್ಲಿ ಪ್ರಕಟವಾಯಿತು, 2021ರಲ್ಲಿ ಅಂತಿಮ ಒಪ್ಪಿಗೆ ಪಡೆಯಿತು. 2011ರಿಂದ 2019ರ ಮಾದರಿಗಳ ಸುಮಾರು 40 ಲಕ್ಷ ಕಾರುಗಳ ಷಾರ್ಟ್ ಬ್ಲಾಕ್‌ಗೆ, ಬೇರಿಂಗ್ ದೋಷದ ಮಟ್ಟಿಗೆ, ಜೀವಮಾನದ ವಾರಂಟಿ. ಎರಡನೇ ಮಾಲೀಕರಿಗೂ ಇದೆ. ನಿಜವಾದ ಬಲ ಇರುವುದು ಈ ಕಾಗದದಲ್ಲಿ. ಕೌಂಟರಿನಲ್ಲಿ ರಿಕಾಲ್, ರಿಕಾಲ್ ಎಂದು ಕೂಗುವ ಬದಲು ಇದನ್ನು ಕೇಳಬೇಕು.

ಇದಕ್ಕೊಂದು ಕೊಕ್ಕೆ ಇದೆ. ಬೇರಿಂಗ್ ಸವೆತದ ಕಂಪನವನ್ನು ಮೊದಲೇ ಹಿಡಿಯುವ ಸಾಫ್ಟ್‌ವೇರ್ ಒಂದನ್ನು ಹಾಕಿಸಿಕೊಂಡಿರಬೇಕು. ಅದರ ಹೆಸರು ಕೆಎಸ್‌ಡಿಎಸ್. ಎಂಜಿನ್ನಿನಲ್ಲಿ ಮೊದಲೇ ಇರುವ, ಬಡಿತವನ್ನು ಗ್ರಹಿಸುವ ನಾಕ್ ಸೆನ್ಸರ್ ಮೂಲಕ ಅದು ಕೇಳಿಸಿಕೊಳ್ಳುತ್ತದೆ. ಅನುಮಾನ ಬಂದರೆ ಚೆಕ್ ಎಂಜಿನ್ ದೀಪ ಮಿನುಗಿಸಿ, ಪಿ1326 ಎಂಬ ಕೋಡ್ ದಾಖಲಿಸಿ, ಕಾರಿನ ವೇಗವನ್ನು ತಗ್ಗಿಸಿಬಿಡುತ್ತದೆ. ಹೆದ್ದಾರಿಯಲ್ಲಿ ಅದು ನಡೆದರೆ ಹೆದರಿಕೆಯೇ, ಆದರೆ ಸೀಜ್ ಆಗುವುದಕ್ಕಿಂತ ವಾಸಿ. ಅನೇಕ ಕಾರುಗಳಿಗೆ ಇದು ರಿಕಾಲ್ ಆಗಿ ಬರಲಿಲ್ಲ, ಕಂಪನಿಯ ಸೇವಾ ಅಭಿಯಾನವಾಗಿ ಬಂದಿತು. ಹಾಗಾಗಿ ಸರ್ಕಾರದ ಜಾಲತಾಣ ಇದನ್ನು ಬಾಕಿ ಎಂದು ತೋರಿಸದೇ ಇರಬಹುದು. ಪತ್ರ ಹೋಗಿದ್ದು ಹಿಂದಿನ ಮಾಲೀಕರ ವಿಳಾಸಕ್ಕೆ. ಡೀಲರ್ ಬಳಿ ಬಾಯಿ ಬಿಟ್ಟೇ ಕೇಳಬೇಕು.

ಇನ್ನೊಂದು ತಕರಾರು, "ನೀವು ಆಯಿಲ್ ಬದಲಾಯಿಸಿಲ್ಲ" ಎಂಬುದು. ರಾಜಿ ಪತ್ರದಲ್ಲಿರುವ ಪದ "ಅಸಾಧಾರಣ ನಿರ್ಲಕ್ಷ್ಯ". ಒಂದು ಸರ್ವಿಸ್ ತಪ್ಪಿದ ಮಾತ್ರಕ್ಕೆ ಅದು ಅಸಾಧಾರಣವಾಗುವುದಿಲ್ಲ ಎಂಬುದು ನನ್ನ ಓದು. ಆದರೆ ಒಳಗೆ ಡಾಂಬರಿನಂಥ ಗಸಿ ಕಟ್ಟಿದ ಫೋಟೋ ಅವರ ಕೈಯಲ್ಲಿದ್ದು, ನಿಮ್ಮ ಕೈಯಲ್ಲಿ ಒಂದು ರಸೀದಿಯೂ ಇಲ್ಲದಿದ್ದರೆ ವಾದ ಕಷ್ಟ. ಆಯಿಲನ್ನು ಡೀಲರ್ ಬಳಿಯೇ ಬದಲಾಯಿಸಿರಬೇಕೆಂದು ಅಲ್ಲಿನ 1975ರ ವಾರಂಟಿ ಕಾನೂನಿನ ಪ್ರಕಾರ ಒತ್ತಾಯಿಸುವಂತಿಲ್ಲ. ಮನೆಯ ಮುಂದೆ ನೀವೇ ಬದಲಾಯಿಸಿದ್ದರೂ ನಡೆಯುತ್ತದೆ. ಆಯಿಲ್ ಮತ್ತು ಫಿಲ್ಟರ್ ಕೊಂಡ ಚೀಟಿ, ದಿನಾಂಕ, ಅಂದಿನ ಮೈಲಿ ಇಷ್ಟನ್ನು ಫೋಟೋ ತೆಗೆದು ಇಟ್ಟುಕೊಳ್ಳಿ.

ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಡೀಲರ್ ಬೇರೆ, ತಯಾರಕ ಕಂಪನಿ ಬೇರೆ. ಕಂಪನಿಯ ಗ್ರಾಹಕ ವಿಭಾಗಕ್ಕೆ ನೇರವಾಗಿ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಎನ್‌ಎಚ್‌ಟಿಎಸ್‌ಎ ನಿಮ್ಮೊಬ್ಬರ ವ್ಯಾಜ್ಯ ತೀರಿಸುವುದಿಲ್ಲ, ಆದರೂ ಅಲ್ಲಿ ದೂರು ದಾಖಲಿಸಿ. ಅಂಥ ದೂರುಗಳೇ ಮುಂದೆ ತನಿಖೆಗೆ ದಾರಿ ಮಾಡಿಕೊಡುತ್ತವೆ. ನಿಮ್ಮ ಕಾರಿನ ಎಂಜಿನ್ ಥೀಟಾ 2 ಪಟ್ಟಿಯಲ್ಲಿ ಇಲ್ಲದಿದ್ದರೆ ಕೈಚೆಲ್ಲಬೇಡಿ. ಬೇರೆ ಎಂಜಿನ್‌ಗಳ ಸುಮಾರು 21 ಲಕ್ಷ ಕಾರುಗಳಿಗೆ ಎರಡನೇ ರಾಜಿಯೊಂದಿದೆ, ಅದರಲ್ಲಿ 15 ವರ್ಷ ಅಥವಾ ಒಂದೂವರೆ ಲಕ್ಷ ಮೈಲಿಯ ವಾರಂಟಿ.

ಭಾರತದಲ್ಲಿ ಹೇಗೆ ಎಂದು ಕಾಮೆಂಟಿನಲ್ಲಿ ಕೇಳುವವರಿಗೆ ಈಗಲೇ ಎರಡು ಮಾತು. ಬಹುಕಾಲ ರಿಕಾಲ್ ಇಲ್ಲಿ ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದನ್ನು ಕಾನೂನಿಗೆ ತಂದಿತು, 2021ರ ಏಪ್ರಿಲ್‌ನಿಂದ ನಿಯಮಗಳು ಜಾರಿಯಾದವು. ಆದರೆ ಕಡ್ಡಾಯ ರಿಕಾಲ್ ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಗಳಿಗೆ. ಅಲ್ಲಿ ಹದಿನೈದು, ಇಲ್ಲಿ ಏಳು. ನಮ್ಮ ರಸ್ತೆಯ ಮೇಲಿನ ಕಾರುಗಳ ವಯಸ್ಸು ನೋಡಿದರೆ ಈ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ. ವಾರಂಟಿಯ ವಿಷಯದಲ್ಲಿ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915, ಅದರ ಮೇಲೆ ಜಿಲ್ಲಾ ಗ್ರಾಹಕ ಆಯೋಗ.

ಅಮೆರಿಕದಲ್ಲಿ ಹಳೆಯ ಕಾರು ಕೊಳ್ಳಲು ಹೊರಟಿರುವವರು ಇನ್ನೊಂದನ್ನು ತಿಳಿದಿರಿ. ರಿಕಾಲ್ ಬಾಕಿ ಇರುವ ಹೊಸ ಕಾರನ್ನು ಡೀಲರ್ ಮಾರುವಂತಿಲ್ಲ, ಆದರೆ ಹಳೆಯ ಕಾರಿನ ಮಾರಾಟಕ್ಕೆ ಅಂಥ ಫೆಡರಲ್ ತಡೆ ಇಲ್ಲ. ಆದ್ದರಿಂದ ವಾಹನ ಸಂಖ್ಯೆ ಹಿಡಿದು ಆಯಾ ಕಂಪನಿಯ ಡೀಲರ್ ಬಳಿ ಹೋಗಿ, ದುರಸ್ತಿಯ ಇತಿಹಾಸ ಕೇಳಿ: ಷಾರ್ಟ್ ಬ್ಲಾಕನ್ನು ಬರೀ ಪರೀಕ್ಷಿಸಿದ್ದೇ, ಬದಲಾಯಿಸಿದ್ದೇ? ಕೆಎಸ್‌ಡಿಎಸ್ ಹಾಕಿದ ದಿನಾಂಕ ಯಾವುದು? ನೋಡಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿಸಿ, ಹಾಡು ನಿಲ್ಲಿಸಿ, ಕಿಟಕಿ ಇಳಿಸಿ.

ಊರಿನಲ್ಲಿ ಕುಳಿತು ಇದನ್ನು ನೋಡುತ್ತಿರುವ ಅಪ್ಪ ಅಮ್ಮಂದಿರೇ, ಮಗಳು ಮುಂದಿನ ಸಲ ಫೋನ್ ಮಾಡಿದಾಗ "ಊಟವಾಯಿತೇ" ಎಂದು ಕೇಳಿದ ಮೇಲೆ, "ಡಿಪ್‌ಸ್ಟಿಕ್ ನೋಡಿದೆಯಾ, ಆಯಿಲ್ ಎಲ್ಲಿಯವರೆಗಿದೆ" ಎಂದೂ ಕೇಳಿಬಿಡಿ.

[ಮತ್ತೆ ಎಂಜಿನ್ ಸದ್ದು. ಈ ಸಲ ಬಡಿತವಿಲ್ಲ.]