ಚಿಂಪಾಂಜಿಯ ನಗು, ನಮ್ಮ ಸಿನಿಮಾ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಿನಿಮಾ ಮಾಡುವವರು, ಮಾಡಬೇಕೆಂದು ಓದುತ್ತಿರುವವರೇ ಜಾಸ್ತಿ ಇದ್ದೀರಿ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹಳೆಯ ಹಾಲಿವುಡ್ ಕಾಮಿಡಿಗಳಲ್ಲಿ, ಜಾಹೀರಾತುಗಳಲ್ಲಿ ಕೋಟು ತೊಟ್ಟ ಚಿಂಪಾಂಜಿ ಹಲ್ಲೆಲ್ಲ ಕಾಣುವಂತೆ ಬಾಯಿ ಅಗಲಿಸುವುದನ್ನು ನೋಡಿರುತ್ತೀರಿ. ನಮಗೆ ನಗುವಿನಂತೆ ಕಾಣುವ ಅದು ಸಾಮಾನ್ಯವಾಗಿ ಹೆದರಿಕೆ. ಖುಷಿಯಾಗಿ ಆಡುವಾಗ ಅದರ ಬಾಯಿ ಸಡಿಲವಾಗಿ ತೆರೆದಿರುತ್ತದೆ, ಮೇಲಿನ ಹಲ್ಲು ಹೆಚ್ಚಾಗಿ ತುಟಿಯೊಳಗೇ ಇರುತ್ತದೆ. ಬಲಶಾಲಿಯ ಮುಂದೆ ಮುದುಡಿಕೊಂಡಾಗ ಮೇಲಿನ, ಕೆಳಗಿನ ಹಲ್ಲು ಎರಡೂ ಕಿರಿಯುತ್ತದೆ.

ತೆರೆಯ ಮೇಲೆ ಕಾಣುವ ಚಿಂಪಾಂಜಿಗಳು ಹೆಚ್ಚೂಕಡಿಮೆ ಮರಿಗಳೇ. ಏಳೆಂಟು ವರ್ಷವಾಗುವಷ್ಟರಲ್ಲಿ ಅದರ ಬಲವನ್ನು ಮನುಷ್ಯ ತಡೆಯಲಾರ, ಸೆಟ್ಟಿಗೆ ತರುವುದೇ ಅಪಾಯ. ಆದರೆ ಕಾಡಿನಲ್ಲಿ ಮರಿ ನಾಲ್ಕೈದು ವರ್ಷದವರೆಗೂ ತಾಯಿಯ ಹಾಲು ಕುಡಿಯುತ್ತದೆ, ಅವಳ ಗೂಡಿನಲ್ಲೇ ಮಲಗುತ್ತದೆ. ಸಿನಿಮಾದವರಿಗೆ ಅದು ಬೇಕಾಗುವುದೂ ಅದಕ್ಕೆ ತಾಯಿ ಬೇಕಾಗುವುದೂ ಒಂದೇ ವಯಸ್ಸಿನಲ್ಲಿ. ಮನುಷ್ಯರ ಮಾತು ಕೇಳಲಿ ಅಂತ ಮರಿಯನ್ನು ಎಳೆಯದರಲ್ಲೇ ಕಿತ್ತುಕೊಳ್ಳುತ್ತಾರೆ. ‘ನಮ್ಮ ಟ್ರೇನರ್ ಹೊಡೆಯೋದೇ ಇಲ್ಲ, ಮಗು ಥರ ಸಾಕಿದ್ದಾರೆ’ ಅನ್ನಬಹುದು. ನಿಜವೇ ಇರಬಹುದು. ಎಷ್ಟೇ ಒಳ್ಳೆಯ ಟ್ರೇನರ್ ಆದರೂ ಆ ತಾಯಿಯನ್ನು ವಾಪಸ್ ಕೊಡಲಾರ.

‘ಪ್ರಾಣಿಗಳಿಗೆ ಹಿಂಸೆ ಮಾಡಿಲ್ಲ’ ಅನ್ನುವ ಸಾಲು ಶೂಟಿಂಗ್ ದಿನಗಳ ಮಾತು. ಮುಂಚೆ ಏನಾಯಿತು, ಆಮೇಲೆ ಏನಾಗುತ್ತದೆ, ಅದರಲ್ಲಿ ಇರುವುದಿಲ್ಲ. ಸಾಕಿದ ಚಿಂಪಾಂಜಿ ಐವತ್ತು ವರ್ಷ ಬದುಕಬಲ್ಲದು. ಎಂಟಕ್ಕೇ ಕೆಲಸ ಮುಗಿದರೆ ಉಳಿದ ನಲವತ್ತು ವರ್ಷ ಎಲ್ಲಿರಬೇಕು? ಅಮೆರಿಕದ ಫ್ಲೋರಿಡಾದಲ್ಲಿ ಸಿನಿಮಾ, ಸರ್ಕಸ್, ಮನೆಗಳಿಂದ ಬಂದ ಚಿಂಪಾಂಜಿ, ಒರಾಂಗುಟಾನ್‌ಗಳಿಗೆ ಒಂದು ಆಶ್ರಯಧಾಮವಿದೆ. ಲಾಭ ತೆಗೆದುಕೊಂಡವರು ಯಾರೋ, ಸಾಕುವವರು ಯಾರೋ.

ಇದು ಹೊರದೇಶದ ಕಥೆ ಅಂದುಕೊಳ್ಳಬೇಡಿ. ನಮ್ಮ ಬನ್ನೇರುಘಟ್ಟದಲ್ಲೇ ಕರಡಿಗಳ ಪುನರ್ವಸತಿ ಕೇಂದ್ರವಿದೆ. ಬೀದಿಯಲ್ಲಿ ಕುಣಿಸಲು ಮೂತಿಗೆ ರಂಧ್ರ ಕೊರೆದು ಹಗ್ಗ ಪೋಣಿಸಿದ್ದ ಕರಡಿಗಳು ಅಲ್ಲಿಗೆ ಬಂದವು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶನಕ್ಕೆ ಬಳಸಬಾರದು ಅನ್ನುವ ಕೇಂದ್ರ ಸರ್ಕಾರದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. ಕರಡಿ ಕುಣಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಂದರ್ ಕುಟುಂಬಗಳು ತಲೆಮಾರುಗಳ ಕಸುಬನ್ನೇ ಬಿಡಬೇಕಾಯಿತು. ಅಷ್ಟು ಬಡವರಿಗೆ ಬಿಡಿ ಅಂದ ನಾವು, ಕೋಟಿಗಟ್ಟಲೆ ಸುರಿಯುವ ನಿರ್ಮಾಪಕರಿಗೆ ಚಿಂಪಾಂಜಿ ವಿಷಯದಲ್ಲಿ ರಿಯಾಯಿತಿ ಕೊಡುವುದು ಅನ್ಯಾಯ ಅಲ್ವಾ?

2011ರಲ್ಲಿ ವಾನರರ ಕಥೆಯ ಹಾಲಿವುಡ್ ಚಿತ್ರವೊಂದರಲ್ಲಿ ಆಂಡಿ ಸರ್ಕಿಸ್ ಎಂಬ ನಟ ಚಿಂಪಾಂಜಿಯ ಪಾತ್ರ ಮಾಡಿದರು. ಅವರ ಮೈಚಲನೆ, ಮುಖದ ಒಂದೊಂದು ಭಾವವನ್ನೂ ಕ್ಯಾಮೆರಾದಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಚಿಂಪಾಂಜಿಯ ರೂಪ ಕೊಟ್ಟರು. ಆ ಚಿತ್ರಕ್ಕೆ ಒಂದೇ ಒಂದು ಜೀವಂತ ಚಿಂಪಾಂಜಿಯನ್ನೂ ಬಳಸಲಿಲ್ಲ. ನಮ್ಮ ಗಾಂಧಿನಗರಕ್ಕೆ ಅಷ್ಟು ಬಜೆಟ್ ಎಲ್ಲಿಂದ ಬರಬೇಕು ಅಂತೀರಿ. ಒಪ್ಪುತ್ತೇನೆ. ಹಾಗಿದ್ದರೆ ಆ ಸೀನನ್ನೇ ಬದಲಾಯಿಸಿ. ‘ವಿದೇಶದಲ್ಲಿ ಬಾಡಿಗೆಗೆ ಸಿಗುತ್ತೆ ಸಾರ್, ಎರಡು ದಿನದಲ್ಲಿ ಮುಗಿಸಿಕೊಂಡು ಬರೋಣ’ ಅಂತ ಪ್ರೊಡಕ್ಷನ್ ಮ್ಯಾನೇಜರ್ ಹೇಳಿದಾಗ ಬೇಡ ಅನ್ನಬೇಕಾದವರು ನಿರ್ದೇಶಕರೇ. ಸ್ಕ್ರಿಪ್ಟ್ ಪೇಪರಿನ ಮೇಲಿರುವಾಗಲೇ ಅದನ್ನು ಹೇಳಿಬಿಡಿ. ಡೇಟ್ಸ್ ಲಾಕ್ ಆದಮೇಲೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ.