ಅಡ್ಡ ನಿಂತರೂ ಮೈನ್‌ಕ್ರಾಫ್ಟ್ ಹಸು ಏಕೆ ತಿರುಗುವುದಿಲ್ಲ?

ನಮಸ್ಕಾರ. ವಿರಾಜಪೇಟೆಯ ವೀಕ್ಷಕರೊಬ್ಬರು ಕಳುಹಿಸಿದ ಪ್ರಶ್ನೆ ಇದು. ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ, ಹಲವರು ಒಟ್ಟಿಗೆ ಆಡುವ ಸರ್ವರ್‌ನಲ್ಲಿ, ಅವರೂ ಅವರ ಗೆಳೆಯರೂ ಸಾಲಾಗಿ ನಿಂತು ಹಸುಗಳನ್ನು ಕೊಟ್ಟಿಗೆಯತ್ತ ಅಟ್ಟಲು ನೋಡಿದರೆ, ಅವು ಇವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ನಡುವೆ ನುಸುಳಿ ಹೋಗುತ್ತವಂತೆ. ದಿನವೂ ಸಂಜೆ ಗದ್ದೆಯಿಂದ ದನ ಹೊಡೆದುಕೊಂಡು ಬರುವವರ ಕೈಚಳಕ ಆಟದಲ್ಲಿ ಏಕೆ ನಡೆಯುವುದಿಲ್ಲ ಎಂಬುದು ಅವರ ಪ್ರಶ್ನೆ.

ಗೋಧಿ ಹಿಡಿದರೆ ಹಸು ಹಿಂದೆಯೇ ಬರುತ್ತದೆ, ಹಗ್ಗ ಹಾಕಿದರೂ ಬರುತ್ತದೆ. ಇವೆರಡು ನಿಮಗೆ ಗೊತ್ತೇ ಇರುವುದರಿಂದ ಬಿಟ್ಟುಬಿಡುತ್ತೇನೆ. ಆಸೆ ತೋರಿಸದೆ, ಹೊಡೆಯದೆ, ದಾರಿಯನ್ನಷ್ಟೇ ಮುಚ್ಚಿ ಪ್ರಾಣಿಯನ್ನು ಬೇಕಾದ ಕಡೆಗೆ ಕಳುಹಿಸುವುದು ಹೇಗೆ ಎಂಬುದಷ್ಟೇ ಇಂದಿನ ವಿಷಯ. ಮುಂದೆ ಹೇಳುವುದೆಲ್ಲವೂ ಕಂಪ್ಯೂಟರಿನ ಜಾವಾ ಆವೃತ್ತಿಗೆ ಸಂಬಂಧಿಸಿದ್ದು.

(ದೃಶ್ಯ: ಗದ್ದೆಯ ಬದುವಿನ ಮೇಲೆ ದನ, ಅದರ ಹಿಂದೆ ಒಬ್ಬರು)

ನಿಜವಾದ ದನದ ಸುತ್ತ ಕಣ್ಣಿಗೆ ಕಾಣದ ಒಂದು ವಲಯವಿರುತ್ತದೆ. ಅದರೊಳಗೆ ಮನುಷ್ಯ ಕಾಲಿಟ್ಟರೆ ದನ ದೂರ ಸರಿಯುತ್ತದೆ, ಹೊರಗೆ ಬಂದರೆ ನಿಲ್ಲುತ್ತದೆ. ಭುಜಕ್ಕಿಂತ ಹಿಂದೆ ನಿಂತರೆ ಮುಂದಕ್ಕೆ ಹೋಗುತ್ತದೆ, ಭುಜ ದಾಟಿ ಎದುರಿಗೆ ಬಂದರೆ ಹಿಮ್ಮೆಟ್ಟುತ್ತದೆ. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಇದನ್ನು ಚಿತ್ರ ಬಿಡಿಸಿ ಜಗತ್ತಿಗೆಲ್ಲ ಕಲಿಸಿದರು. ನಮ್ಮ ದನಗಾಹಿಗಳು ಚಿತ್ರವಿಲ್ಲದೆಯೇ ಕಲಿತಿದ್ದಾರೆ.

ಮೈನ್‌ಕ್ರಾಫ್ಟ್ ಹಸುವಿಗೆ ಈ ವಲಯವೇ ಇಲ್ಲ. ಏಟು ಬಿದ್ದರೆ ಗಾಬರಿಯಿಂದ ದಿಕ್ಕೆಟ್ಟು ಓಡುತ್ತದೆಯೇ ಹೊರತು, ನೀವು ಹತ್ತಿರ ಬಂದಿರಿ ಎಂಬ ಕಾರಣಕ್ಕೆ ಒಂದು ಹೆಜ್ಜೆಯನ್ನೂ ಬದಲಿಸುವುದಿಲ್ಲ. ಅದು ಆಗಾಗ ತನ್ನಿಂದ ಸುಮಾರು 10 ಬ್ಲಾಕ್‌ಗಳೊಳಗಿನ (ಆಟದ ಲೋಕವನ್ನು ಕಟ್ಟಿರುವ ಘನಾಕಾರದ ತುಂಡೇ ಬ್ಲಾಕ್) ಯಾವುದೋ ಒಂದು ಜಾಗವನ್ನು, ಸಾಧ್ಯವಾದರೆ ಹುಲ್ಲಿರುವ ಜಾಗವನ್ನು, ಆರಿಸಿಕೊಂಡು ಅಲ್ಲಿಗೆ ದಾರಿ ಹುಡುಕುತ್ತದೆ. ಹುಡುಕುವ ವಿಧಾನ ಎ-ಸ್ಟಾರ್. 1968ರಲ್ಲಿ ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್ ಮತ್ತು ಬರ್ಟ್ರಾಮ್ ರಫಾಯೆಲ್ ಅವರು ಶೇಕಿ ಎಂಬ ರೋಬೋಟ್ ನಡೆಸುವ ಕೆಲಸದ ನಡುವೆ ಪ್ರಕಟಿಸಿದ ಲೆಕ್ಕಾಚಾರ ಅದು. ಈ ಲೆಕ್ಕದಲ್ಲಿ ಬ್ಲಾಕ್‌ಗಳಿಗೆ ಮಾತ್ರ ಸ್ಥಾನವಿದೆ, ಆಟಗಾರರಿಗಿಲ್ಲ. ನೀವು ಅಡ್ಡ ನಿಂತಿದ್ದೀರಿ ಎಂಬುದು ಹಸುವಿನ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಅದು ಬಂದು ನಿಮಗೆ ತಾಗುತ್ತದೆ, ಇಬ್ಬರ ಮೈಯೂ ಮೆತ್ತಗೆ ತಳ್ಳಿಕೊಳ್ಳುತ್ತವೆ, ಸ್ವಲ್ಪ ಹೊತ್ತಿನಲ್ಲಿ ಅದು ಪಕ್ಕದಿಂದ ಜಾರಿ ಮುಂದೆ ಹೋಗಿರುತ್ತದೆ. ವಿರಾಜಪೇಟೆಯ ಗೆಳೆಯರ ಸಾಲು ಸೋತದ್ದು ಶಿಸ್ತಿಲ್ಲದೆ ಅಲ್ಲ. ಅಡ್ಡಗಟ್ಟಬೇಕಾದದ್ದು ಹಸುವನ್ನಲ್ಲ, ಅದರ ನಕ್ಷೆಯನ್ನು.

ಹಾಗಾದರೆ ನಕ್ಷೆಯಲ್ಲಿ ಗೆರೆ ಎಳೆಯುವುದು ಹೇಗೆ? ಒಂದು ಬ್ಲಾಕ್ ಎತ್ತರದ ಮಣ್ಣಿನ ದಿಣ್ಣೆಯನ್ನು ಹಸು ಹಾರಿಬಿಡುತ್ತದೆ, ಎರಡು ಬ್ಲಾಕ್ ಇಟ್ಟರೆ ನಿಲ್ಲುತ್ತದೆ. ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ರೈಲು ಹಳಿ.

(ದೃಶ್ಯ: ಆಟದ ಹುಲ್ಲುಗಾವಲಿನಲ್ಲಿ ಒಂದೇ ಸಾಲು ಹಳಿ, ಅದರ ಒಂದು ಬದಿಯಲ್ಲಿ ಹಸುಗಳು)

ಈ ಹಳಿಗೆ ಎತ್ತರವೇ ಇಲ್ಲ, ಅದು ನೆಲಕ್ಕೆ ಅಂಟಿಕೊಂಡಿರುತ್ತದೆ. ನೀವು ಅದರ ಮೇಲೆ ನಡೆದು ಹೋಗಬಹುದು, ಹಸುವನ್ನು ತಳ್ಳಿದರೆ ಅದೂ ದಾಟುತ್ತದೆ. ಆದರೂ ಹಸು ತಾನಾಗಿ ದಾರಿ ಹುಡುಕುವಾಗ ಹಳಿಯಿರುವ ಚೌಕವನ್ನು ‘ಹೋಗಲಾಗದ ಜಾಗ’ ಎಂದು ಎಣಿಸುವಂತೆ ಆಟದ ನಿಯಮವನ್ನು ಬರೆಯಲಾಗಿದೆ. ಆದ್ದರಿಂದ ಗುರಿ ಹಳಿಯ ಆಚೆಗಿದ್ದು ಸುತ್ತಿ ಹೋಗಲು ದಾರಿಯಿಲ್ಲದಿದ್ದರೆ, ಅದು ಆದಷ್ಟು ಹತ್ತಿರಕ್ಕೆ ಬಂದು ನಿಂತುಬಿಡುತ್ತದೆ. ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ: ಯಾರೋ ತಳ್ಳಿದ್ದರಿಂದ ಹಸು ಒಮ್ಮೆ ಹಳಿಯ ಮೇಲೆಯೇ ನಿಂತರೆ ಈ ನಿಷೇಧ ಅದಕ್ಕೆ ಅನ್ವಯಿಸುವುದಿಲ್ಲ, ಅಲ್ಲಿಂದ ಯಾವ ಕಡೆಗೆ ಬೇಕಾದರೂ ಇಳಿಯಬಹುದು. ಹಾಗಾಗಿ ಹಳಿಯ ಪಕ್ಕದಲ್ಲಿ ಹಸುಗಳನ್ನು ಒತ್ತೊತ್ತಾಗಿ ಸೇರಿಸಬಾರದು; ಒಂದನ್ನೊಂದು ತಳ್ಳಿಕೊಂಡೇ ಅವು ಪಾರಾಗಿಬಿಡುತ್ತವೆ.

ಕೊಡಗಿನವರಿಗೆ ಇದರಲ್ಲಿ ನಗು ಬರುವ ಸಂಗತಿಯೊಂದಿದೆ. ನಮ್ಮ ಜಿಲ್ಲೆಗೆ ಇಂದಿಗೂ ರೈಲು ಬಂದಿಲ್ಲ, ಆದರೆ ರೈಲ್ವೆ ಕಂಬಿ ಬಂದಿದೆ. ನಾಗರಹೊಳೆಯ ಕಾಡಂಚಿನಲ್ಲಿ ಆನೆಗಳು ತೋಟಕ್ಕೂ ಗದ್ದೆಗೂ ಇಳಿಯದಂತೆ ಅರಣ್ಯ ಇಲಾಖೆ ಹಳೆಯ ಕಂಬಿಗಳಿಂದ ತಡೆಗೋಡೆ ನಿಲ್ಲಿಸಿದೆ. ಆಟದ ಹಸು ಮಲಗಿಸಿದ ಹಳಿಗೇ ಶರಣಾಗುತ್ತದೆ. ಆನೆ ಎದ್ದು ನಿಂತ ಕಂಬಿಯನ್ನೂ ತಳ್ಳಿ ನೋಡುತ್ತದೆ, ಸಂದಿ ಹುಡುಕುತ್ತದೆ, ಹತ್ತಲೂ ಹೋಗುತ್ತದೆ. 2018ರ ಡಿಸೆಂಬರ್‌ನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ವಲಯದಲ್ಲಿ ಹಾಗೆ ದಾಟಲು ಹೋದ ಆನೆಯೊಂದು ಕಂಬಿಯ ಮೇಲೆ ಸಿಕ್ಕಿಕೊಂಡು ಸತ್ತಿತು. ಹಸುವಿನ ನಕ್ಷೆಯನ್ನು ಬರೆದವರು ನಾವು, ಆನೆಯ ನಕ್ಷೆ ಆನೆಯದೇ. ಆಟದ ಜಾಣತನವನ್ನು ಕಾಡಿನ ಸಮಸ್ಯೆಗೆ ಪರಿಹಾರವೆಂದು ಹೇಳುವವರ ಮಾತನ್ನು ನಾನಂತೂ ನಂಬುವುದಿಲ್ಲ.

ಇನ್ನು ಮರದ ಬೇಲಿ. ಅದು ಕಣ್ಣಿಗೆ ಒಂದು ಬ್ಲಾಕ್ ಎತ್ತರ ಕಾಣುತ್ತದೆ, ಆದರೆ ತಡೆಯುವಾಗ ಒಂದೂವರೆ ಬ್ಲಾಕ್‌ನಷ್ಟು ಎತ್ತರವಿರುತ್ತದೆ. ಆಟಗಾರ ಹಾರುವುದು ಸುಮಾರು 1.25 ಬ್ಲಾಕ್ ಮಾತ್ರವಾದ್ದರಿಂದ ಹಸುವಿನ ಜೊತೆಗೆ ನೀವೂ ಒಳಗೇ ಸಿಕ್ಕಿಕೊಳ್ಳುತ್ತೀರಿ. ಆದರೆ ಬೇಲಿಯ ಒಂದು ಕಂಬದ ಮೇಲೆ ಜಮಖಾನದ ತುಂಡೊಂದನ್ನು ಹಾಸಿದರೆ, ನೀವು ಅದರ ಮೇಲಿನಿಂದ ಹಾರಿ ಹೋಗಬಹುದು, ಹಸುವಾಗಲಿ ಕುರಿಯಾಗಲಿ ಆ ದಾರಿ ಹಿಡಿಯುವುದಿಲ್ಲ. ನಮ್ಮ ತೋಟದ ಬೇಲಿಯಲ್ಲಿ ಮನುಷ್ಯ ದಾಟುವ, ದನ ದಾಟದ ತಡಮೆ ಇರುತ್ತದಲ್ಲ, ಇದು ಅದೇ. ಗೇಟು ಇಟ್ಟರೆ ಯಾರಾದರೂ ಮುಚ್ಚಲು ಮರೆಯುತ್ತಾರೆ. ತಡಮೆಗೆ ಆ ಚಿಂತೆಯಿಲ್ಲ.

ಸಮಯ ಮುಗಿಯುತ್ತಾ ಬಂದಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ನೆಲದಲ್ಲಿ ಅಳವಡಿಸಿದ ಮುಚ್ಚಳದ ಬಾಗಿಲು ತೆರೆದಿದ್ದರೂ ಪ್ರಾಣಿಗಳು ಅದನ್ನು ಗಟ್ಟಿ ನೆಲವೆಂದೇ ಎಣಿಸುವುದರಿಂದ, ಗುಂಡಿಯ ಬಾಯಿಗೆ ಅಂಥ ಬಾಗಿಲುಗಳನ್ನು ಜೋಡಿಸಿದರೆ ತಾವಾಗಿಯೇ ನಡೆದು ಬಂದು ಬೀಳುತ್ತವೆ. ದಾರಿಯಲ್ಲಿ ದೋಣಿಯೊಂದನ್ನು ಇಟ್ಟರೆ, ಅದಕ್ಕೆ ತಾಗಿದ ಹಸು ಒಳಗೆ ಕೂತುಬಿಡುತ್ತದೆ ಮತ್ತು ನೀವು ದೋಣಿಯನ್ನು ಒಡೆಯುವವರೆಗೂ ಇಳಿಯುವುದಿಲ್ಲ. ದೊಡ್ಡ ಮಂದೆಯನ್ನು ಕೂಡಿಹಾಕಲು ಇಕ್ಕಟ್ಟಾದ ಓಣಿ ಮಾಡಿ ಕೊನೆಯಲ್ಲಿ ಒಂದೇ ಚೌಕ ಉಳಿಸುವವರು ಎಚ್ಚರದಿಂದಿರಬೇಕು, ಏಕೆಂದರೆ ಒಂದೇ ಜಾಗದಲ್ಲಿ 24ಕ್ಕಿಂತ ಹೆಚ್ಚು ಜೀವಿಗಳು ತುರುಕಿಕೊಂಡರೆ ಆಟವು ಅವುಗಳನ್ನು ಉಸಿರುಗಟ್ಟಿಸಿ ಕೊಲ್ಲತೊಡಗುತ್ತದೆ. ಸರ್ವರ್ ನಡೆಸುವವರು ಈ ಮಿತಿಯನ್ನು ಬದಲಿಸಬಹುದಾದ್ದರಿಂದ, ಓಣಿ ಕಟ್ಟುವ ಮೊದಲು ಅವರನ್ನೇ ಕೇಳಿಕೊಳ್ಳಿ.